ಸದಸ್ಯರ ಸಂಘದ ಸಾಲದ ಕಾರ್ಡು

ಅಮೆರಿಕ ದೇಶದಲ್ಲಿ ಸಂಸಾರ ಹೂಡಿರುವ ಕನ್ನಡ ಗೃಹಸ್ಥರ ಮನೆಗಳಿಗೆ ಕ್ರೆಡಿಟ್ ಕಾರ್ಡು ಕೊಡುವೆವೆಂಬ ಕಾಗದಗಳು ಬರುತ್ತಲೇ ಇರುತ್ತವೆ. ಕೆಲವು ದೊಡ್ಡ ಬ್ಯಾಂಕುಗಳವು. ಕೆಲವು ‘ಕ್ರೆಡಿಟ್ ಯೂನಿಯನ್’ ಎಂಬ, ಸದಸ್ಯರೇ ಒಡೆಯರಾಗಿರುವ ಸಂಸ್ಥೆಗಳವು. ಈ ಎರಡನೆಯ ಬಗೆ ನಮಗೆ ಅಪರಿಚಿತವಲ್ಲ. ಗದಗಿನ ಬಳಿ ಕಣಗಿನಹಾಳದಲ್ಲಿ 1905ರಲ್ಲಿ ಹುಟ್ಟಿದ ಸಹಕಾರ ಸಂಘದ ಕುಲಕ್ಕೇ ಅದು ಸೇರಿದುದು. ಬಾಸ್ಟನ್ ನಗರದ ವರ್ತಕರಾದ ಎಡ್ವರ್ಡ್ ಫೈಲೀನರು 1907ರಲ್ಲಿ ಹಿಂದೂಸ್ಥಾನಕ್ಕೆ ಬಂದು, ಹಳ್ಳಿಗಳ ಸಹಕಾರೀ ಸಾಲಸಂಘಗಳನ್ನು ಕಂಡು ಮೆಚ್ಚಿದರು. 1909ರಲ್ಲಿ ಮಸಾಚುಸೆಟ್ಸ್ ಸಂಸ್ಥಾನದಲ್ಲಿ ಯೂನಿಯನ್ನುಗಳ ಕಾನೂನು ಆಗುವುದಕ್ಕೆ ಅವರ ಬೆಂಬಲವೂ ಇದ್ದಿತು.

ಕಾರ್ಡುಗಳನ್ನು ಹೋಲಿಸುವಾಗ ಮೊದಲು ನೋಡತಕ್ಕದ್ದು ಬಡ್ಡಿಯ ದರ. ಸಂಯುಕ್ತ ಸರ್ಕಾರದ ಸನ್ನದು ಪಡೆದ ಯೂನಿಯನ್ನುಗಳಿಗೆ 1987ರಿಂದ ವರ್ಷಕ್ಕೆ ನೂರಕ್ಕೆ 18ರ ಮಿತಿಯುಂಟು. ಬ್ಯಾಂಕುಗಳು 24 ಕೇಳುವುದು ಅಪರೂಪವಲ್ಲ. ಆರರ ಅಂತರವಷ್ಟೇ ಎಂದು ಉದಾಸೀನ ಮಾಡುವವರು ಈ ಲೆಕ್ಕವನ್ನು ನೋಡಲಿ. ಸಾವಿರ ಡಾಲರು ಸಾಲವಿದೆ, ತಿಂಗಳಿಗೆ 20 ಡಾಲರಿನಂತೆ ಕಟ್ಟುತ್ತೇವೆ ಎನ್ನೋಣ. 24ರ ದರದಲ್ಲಿ ತಿಂಗಳ ಬಡ್ಡಿಯೇ 20 ಡಾಲರು. ಅಸಲಿನಲ್ಲಿ ಒಂದು ಕಾಸೂ ಕರಗದು, ಮೊಮ್ಮಕ್ಕಳ ಕಾಲಕ್ಕೂ ಸಾಲ ಹಾಗೆಯೇ ನಿಂತಿರುವುದು. 18ರ ದರದಲ್ಲಿ ಮೊದಲ ತಿಂಗಳ ಬಡ್ಡಿ 15, ಮಿಕ್ಕ 5 ಅಸಲಿಗೆ. ಅದೇ ಇಪ್ಪತ್ತು ಡಾಲರಿನಿಂದ ಎಂಟು ವರ್ಷದೊಳಗೆ ಸಾಲ ಹರಿಯುವುದು.

ಒಂದೇ ಯೂನಿಯನ್ನಿನಲ್ಲಿಯೂ ಸಾದಾ ಕಾರ್ಡು, ಬಹುಮಾನದ ಕಾರ್ಡು ಎಂದು ಎರಡು ಬಗೆಯಿರುವುದುಂಟು. ಬಹುಮಾನದ ಕಾರ್ಡಿಗೆ ಸಾಮಾನ್ಯವಾಗಿ ಬಡ್ಡಿ ಹೆಚ್ಚು. ಖರ್ಚಿನಲ್ಲಿ ನೂರಕ್ಕೆ ಒಂದೂವರೆ ಮರಳಿ ಬಂದರೆ ಸಾವಿರಕ್ಕೆ 15 ಡಾಲರಾಯಿತು. ಬಾಕಿಯನ್ನು 18ರ ದರದಲ್ಲಿ ಒಂದೇ ತಿಂಗಳು ನಿಲ್ಲಿಸಿದರೆ ಅಷ್ಟೂ ಹೋಯಿತು! ಪ್ರತಿ ತಿಂಗಳೂ ಪೂರ್ತಿ ತೀರಿಸುವ ಮನೆಗೆ ಮಾತ್ರ ಇದು ಲಾಭ. ಉಳಿದವರಿಗೆ ಸಾದಾ ಕಾರ್ಡೇ ಮೇಲು. ಕಾರ್ಡಿನ ಮೇಲೆ ನಗದು ತೆಗೆದರಂತೂ ಸಾಮಾನ್ಯವಾಗಿ ಅಂದಿನಿಂದಲೇ ಬಡ್ಡಿ ಓಡತೊಡಗುವುದು.

ದರದ ಅಗ್ಗವನ್ನು ಕಂಡು ಜನ ಮರೆಯುವ ಸಂಗತಿಯೊಂದುಂಟು. ಅನೇಕ ಯೂನಿಯನ್ನುಗಳ ಒಪ್ಪಂದದ ಸಣ್ಣ ಅಕ್ಷರಗಳಲ್ಲಿ, ಸದಸ್ಯನು ತನ್ನ ಉಳಿತಾಯದ ಹಣವನ್ನು ಕಾರ್ಡಿನ ಸಾಲಕ್ಕೆ ಆಧಾರವಾಗಿ ಕೊಟ್ಟಿದ್ದಾನೆಂಬ ವಾಕ್ಯವಿರುತ್ತದೆ. ಹಾಗೆ ಸಹಿ ಮಾಡಿದವನು ಕಂತು ತಪ್ಪಿದರೆ, ಮಕ್ಕಳ ಓದಿಗೆಂದು ಅಲ್ಲಿಯೇ ಕೂಡಿಟ್ಟ ಗಂಟಿನಿಂದ ಬಾಕಿಯನ್ನು ಮುರಿದುಕೊಳ್ಳಬಹುದು. ಆದುದರಿಂದ ಒಪ್ಪಂದವನ್ನು ಮನೆಗೆ ತಂದು ಗಂಡಹೆಂಡಿರಿಬ್ಬರೂ ಕುಳಿತು ಓದುವುದು ಲೇಸು. ಆ ವಾಕ್ಯ ಕಂಡುಬಂದಲ್ಲಿ ಗಂಟನ್ನು ಬೇರೆ ಕಡೆ ಇಟ್ಟು, ಕಾರ್ಡನ್ನು ಮಾತ್ರ ಯೂನಿಯನ್ನಿನಿಂದ ಪಡೆಯಬಹುದು.