ವಲಸೆ ಬಂದ ಮನೆಯ ಹಿರಿಯಣ್ಣ

ಮನೆಯ ಹಿರಿಯ ಮಗನೆಂದರೆ ತಂದೆಗೆ ಬಲಗೈ, ತಾಯಿಗೆ ಭರವಸೆ, ತಮ್ಮತಂಗಿಯರಿಗೆ ಎರಡನೆಯ ತಂದೆ. ಹುಟ್ಟೂರು ತೊರೆದು ಪರದೇಶದಲ್ಲಿ ಬೇರೂರಬೇಕಾದ ಕುಟುಂಬದಲ್ಲಂತೂ ಅವನ ಹೆಗಲ ಮೇಲಿನ ಹೊಣೆ ಇನ್ನೂ ಹಿರಿದು. 2025ರ ಏಪ್ರಿಲ್ 21ರಂದು ದೈವಾಧೀನರಾದ ಜಗದ್ಗುರು ಫ್ರಾನ್ಸಿಸರು ಅಂತಹುದೊಂದು ಮನೆಯ ಹಿರಿಯಣ್ಣನಾಗಿದ್ದರು.

ಇಟಲಿಯ ಪಿಯೆಮೊಂತೆ ಪ್ರಾಂತ್ಯದ ಬೆರ್ಗೊಲಿಯೊ ಕುಟುಂಬವು 1927ರಲ್ಲಿ 'ಪ್ರಿನ್ಚಿಪೆಸ್ಸ ಮಫಾಲ್ದ' ಎಂಬ ಹಡಗಿನಲ್ಲಿ ಅರ್ಜೆಂಟೀನಕ್ಕೆ ಹೊರಡಬೇಕಿತ್ತು. ಆಸ್ತಿಯ ಮಾರಾಟ ಸಕಾಲದಲ್ಲಿ ಮುಗಿಯದೆ ಪ್ರಯಾಣ ತಪ್ಪಿತು. ಆ ಹಡಗು ಬ್ರೆಜಿಲ್ ತೀರದ ಬಳಿ ಮುಳುಗಿ ಮುನ್ನೂರಕ್ಕೂ ಹೆಚ್ಚು ಜನ ಜಲಸಮಾಧಿಯಾದರು. ಕುಟುಂಬವು 1929ರಲ್ಲಿ ಬೇರೊಂದು ಹಡಗಿನಲ್ಲಿ ಬ್ಯೂನಸ್ ಐರಿಸ್ ತಲುಪಿದಾಗ ಅಲ್ಲಿ ಕಡು ಬೇಸಗೆ. ಆದರೂ ಅಜ್ಜಿ ರೋಸಾ ತುಪ್ಪಳದ ಕೋಟು ತೊಟ್ಟೇ ಇಳಿದರು. ಮನೆಮಾರು ಮಾರಿದ ಹಣವೆಲ್ಲ ಅದರ ಒಳಪದರದಲ್ಲಿ ಹೊಲಿಯಲ್ಪಟ್ಟಿತ್ತು. 1932ರ ಆರ್ಥಿಕ ಮುಗ್ಗಟ್ಟಿನಲ್ಲಿ ಕುಟುಂಬದ ಉದ್ಯಮ ನೆಲಕಚ್ಚಿತು. ಎಲ್ಲವನ್ನೂ ಮೊದಲಿನಿಂದ ಆರಂಭಿಸಬೇಕಾಯಿತು.

ಲೆಕ್ಕಿಗರಾಗಿದ್ದ ಮಾರಿಯೊ ಮತ್ತು ರೆಜೀನಾ ದಂಪತಿಗೆ 1936ರ ಡಿಸೆಂಬರ್ 17ರಂದು ಚೊಚ್ಚಲ ಮಗನಾಗಿ ಜನಿಸಿದವನೇ ಜೋರ್ಜ್. ಅವನ ಬೆನ್ನಿಗೆ ಇಬ್ಬರು ತಮ್ಮಂದಿರು, ಇಬ್ಬರು ತಂಗಿಯರು. ಐದನೆಯ ಹೆರಿಗೆಯ ತರುವಾಯ ತಾಯಿ ಕೆಲಕಾಲ ಎದ್ದು ನಡೆಯಲಾರದಾದರು. ಮಕ್ಕಳು ಶಾಲೆಯಿಂದ ಮರಳುವಾಗ ಆಕೆ ಕುಳಿತಲ್ಲಿಯೇ ಆಲೂಗಡ್ಡೆ ಸುಲಿಯುತ್ತ, ಅಡುಗೆಯ ಸಾಮಗ್ರಿಯನ್ನೆಲ್ಲ ಮುಂದೆ ಹರಡಿಕೊಂಡಿರುತ್ತಿದ್ದರು. ಯಾವುದನ್ನು ಯಾವಾಗ ಪಾತ್ರೆಗೆ ಹಾಕಬೇಕೆಂದು ಆಕೆ ಹೇಳಿದಂತೆ ಮಕ್ಕಳು ಬೇಯಿಸುತ್ತಿದ್ದರು. ಹೀಗೆ ಅಡುಗೆ ಕಲಿತುದನ್ನು ಅವರು ಮುಂದೆ ಸಂತೋಷದಿಂದ ಸ್ಮರಿಸುತ್ತಿದ್ದರು.

ಹದಿಮೂರನೆಯ ವಯಸ್ಸಿನಲ್ಲಿ ತಂದೆ ಮಗನನ್ನು ಕಾಲುಚೀಲ ತಯಾರಿಸುವ ಕಾರ್ಖಾನೆಗೆ ಕಳುಹಿಸಿದರು. ಮೊದಲೆರಡು ವರ್ಷ ಕಸ ಗುಡಿಸಿ ನೆಲ ಒರೆಸುವ ಕೆಲಸ. ಬಳಿಕ ಪ್ರಯೋಗಾಲಯವೊಂದರಲ್ಲಿ ಬೆಳಗಿನ 7ರಿಂದ ಮಧ್ಯಾಹ್ನ 1ರವರೆಗೆ ದುಡಿಮೆ. ಊಟ ಮುಗಿಸಿ ರಾತ್ರಿ 8ರವರೆಗೆ ತರಗತಿ. ದುಡಿಯಲು ಕಳುಹಿಸಿದ ತಂದೆಗೆ ಅವರು ಜೀವನವಿಡೀ ಕೃತಜ್ಞರಾಗಿದ್ದರು.

ಇಂತಹ ಮಗನ ಮೇಲೆ ತಾಯಿ ಆಸೆ ಇಟ್ಟುಕೊಂಡದ್ದು ಸಹಜ. ಅವನು ವೈದ್ಯನಾಗಬೇಕೆಂಬುದು ಆಕೆಯ ಹಂಬಲ. ಆದರೆ 1953ರ ಸೆಪ್ಟೆಂಬರ್ 21ರಂದು ಫ್ಲೋರೆಸ್ ಬಡಾವಣೆಯ ಸಂತ ಜೋಸೆಫರ ದೇವಾಲಯದಲ್ಲಿ ಪಾಪನಿವೇದನೆ ಮಾಡಿದಾಗ ಅವನಿಗೆ ದೇವಕರೆಯ ಅರಿವಾಗಿತ್ತು. ವೈದ್ಯಶಾಸ್ತ್ರ ಓದುವೆನೆಂದಿದ್ದೆಯಲ್ಲ ಎಂದು ತಾಯಿ ಕೇಳಿದ್ದಕ್ಕೆ, ಅದು ಆತ್ಮದ ವೈದ್ಯಶಾಸ್ತ್ರವೆಂದು ಅಣ್ಣ ಉತ್ತರಿಸಿದನೆಂದು ಕಿರಿಯ ತಂಗಿ ಮರಿಯಾ ಎಲೆನಾ ನೆನಪಿಸಿಕೊಂಡಿದ್ದಾರೆ. ತಂದೆ ಹರಸಿದರು, ತಾಯಿಯ ಮನಸ್ಸು ಒಪ್ಪಲಿಲ್ಲ. ಮಗ ಮನೆಗೆ ಬಂದರೆ ಪ್ರೀತಿಗೇನೂ ಕೊರತೆಯಿರಲಿಲ್ಲ, ಆದರೆ ಆಕೆ ಗುರುಮಠದ ಹೊಸ್ತಿಲು ತುಳಿಯಲಿಲ್ಲ. ಆಕೆಯ ಮನಸ್ಸು ತಿಳಿಯಾಗಲು ವರ್ಷಗಳೇ ಹಿಡಿದವು.

1969ರ ಡಿಸೆಂಬರ್ 13ರಂದು ಯೇಸುಸಭೆಯ ಈ ಸದಸ್ಯರಿಗೆ ಗುರುದೀಕ್ಷೆಯಾಯಿತು. ಆ ವೇಳೆಗೆ ತಂದೆ ತೀರಿಕೊಂಡಿದ್ದರು. ದೀಕ್ಷಾವಿಧಿ ಮುಗಿದ ಬಳಿಕ ಅದೇ ತಾಯಿ ಮಗನ ಮುಂದೆ ಮೊಣಕಾಲೂರಿ ಆಶೀರ್ವಾದ ಬೇಡಿದರು. ಕಷ್ಟಕಾಲದಲ್ಲಿ ಪರಮಪ್ರಸಾದದ ಪೆಟ್ಟಿಗೆಯತ್ತಲೂ ಶಿಲುಬೆಯಡಿ ನಿಂತ ಮಾತೆಯತ್ತಲೂ ದೃಷ್ಟಿ ನೆಡುವಂತೆ ಅಜ್ಜಿ ರೋಸಾ ಮೊಮ್ಮಕ್ಕಳಿಗೆ ಬರೆದ ಪತ್ರವನ್ನು ಅವರು ತಮ್ಮ ಪ್ರಾರ್ಥನಾಗ್ರಂಥದಲ್ಲಿ ಜೋಪಾನವಾಗಿರಿಸಿಕೊಂಡಿದ್ದರು.

2013ರ ಜುಲೈ 8ರಂದು ಜಗದ್ಗುರುಗಳಾಗಿ ಅವರು ರೋಮಿನಿಂದ ಹೊರಗೆ ಕೈಗೊಂಡ ಮೊದಲ ಯಾತ್ರೆ ಲ್ಯಾಂಪೆದೂಸ ದ್ವೀಪಕ್ಕೆ. ಕಡಲಲ್ಲಿ ಪ್ರಾಣ ಕಳೆದುಕೊಂಡ ವಲಸಿಗರಿಗಾಗಿ ಅವರು ನೀರಿಗೆ ಹೂಮಾಲೆ ಅರ್ಪಿಸಿದರು. ತಮ್ಮ ತಂದೆಯೂ ಅಜ್ಜ ಅಜ್ಜಿಯರೂ ಮುಳುಗಿದ ಹಡಗಿನಿಂದ ತಪ್ಪಿಸಿಕೊಂಡವರೆಂಬುದನ್ನು ಅವರು ಮರೆತಿರಲಿಲ್ಲ.

ನಮ್ಮ ಎಷ್ಟೋ ಮನೆಗಳ ಹಿರಿಯಣ್ಣಂದಿರೂ ಮುಂಬಯಿಯಲ್ಲೋ ಕೊಲ್ಲಿ ನಾಡುಗಳಲ್ಲೋ ದುಡಿದು ಒಡಹುಟ್ಟಿದವರಿಗೆ ದಾರಿ ಮಾಡಿಕೊಟ್ಟಿದ್ದಾರೆ. ಅವರಿಂದ ಪಡೆದುದನ್ನು ನೆನೆಯೋಣ. ಹಾಗೆಯೇ ಹಿರಿಯ ಮಗನಿಗೆ ಬೇರೊಂದು ಕರೆ ಬಂದಾಗ ಅವನನ್ನು ಹರಸಿ ಕಳುಹಿಸುವ ಮನಸ್ಸನ್ನೂ ದೇವರಲ್ಲಿ ಬೇಡೋಣ.