ಮಿದುಳಿನ ಚಿತ್ರವೂ ಅದನ್ನು ಓದುವ ಸಹಾಯಕರ ಆಯ್ಕೆಯೂ

ಬೆಂಗಳೂರಿನ ಮಲ್ಲೇಶ್ವರಕ್ಕೆ ಸಮೀಪದಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಮಿದುಳು ಸಂಶೋಧನ ಕೇಂದ್ರವೊಂದುಂಟು. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ 45 ವರ್ಷ ತುಂಬಿದ 10,000 ಜನರನ್ನು ಬಹುಕಾಲ ಪರೀಕ್ಷಿಸುತ್ತ ಹೋಗುವ ಕಾರ್ಯವನ್ನು ಈ ಕೇಂದ್ರವು 2018ರಲ್ಲಿ ಕೈಕೊಂಡಿತು. ಮುಪ್ಪಿನ ಮರೆವಿನ ರೋಗವು ಯಾರಿಗೆ, ಏತಕ್ಕೆ ಬರುತ್ತದೆಂಬುದನ್ನು ಅರಿಯುವುದೇ ಇದರ ಗುರಿ. ಅದಕ್ಕೆ ಒದಗಿಸಿಕೊಂಡ ಸಾಧನಗಳಲ್ಲಿ ಎಂ. ಆರ್. ಐ. ಚಿತ್ರಣವೂ ಒಂದು.

ಇಂತಹ ಕಾರ್ಯಗಳಲ್ಲಿ ಚಿತ್ರವನ್ನು ತೆಗೆಯುವುದಕ್ಕಿಂತ ಓದುವುದು ಕಷ್ಟ. ಆ ಓದಿನ ಬಹುಭಾಗವು ಸಾಮಾನ್ಯವಾಗಿ ಹೊಸದಾಗಿ ಪದವಿ ಪಡೆದು ಬಂದ ಸಹಾಯಕರ ಪಾಲಿಗೆ ಬೀಳುತ್ತದೆ. ಆದುದರಿಂದ ಅವರ ಆಯ್ಕೆಯು ಅಲ್ಪವಿಷಯವಲ್ಲ.

ಮಿದುಳಿನ ವ್ಯಾಪಾರವನ್ನು ತೋರಿಸುವ ಚಿತ್ರಣದಲ್ಲಿ ಯಂತ್ರವು ಆಲೋಚನೆಯನ್ನು ಕಾಣುವುದಿಲ್ಲ. ರಕ್ತದ ಆಮ್ಲಜನಕದಿಂದಾಗುವ ವ್ಯತ್ಯಾಸವನ್ನು ಸಣ್ಣ ಸಣ್ಣ ಘನಗಳಲ್ಲಿ ಅಳೆಯುತ್ತದೆ, ಅಷ್ಟೆ. ತಲೆಯು ಒಂದೆರಡು ಮಿಲಿಮೀಟರು ಕದಲಿದರೂ ಲೆಕ್ಕವು ಕೆಡುವುದು. ಮಿದುಳನ್ನು 50,000 ಘನಗಳಾಗಿ ವಿಂಗಡಿಸಿ, ಸಾವಿರಕ್ಕೊಂದು ತಪ್ಪನ್ನು ಸೈರಿಸುವ ನಿಯಮದಿಂದ ಒಂದೊಂದನ್ನೂ ಪರೀಕ್ಷಿಸಿದರೆ, ಏನೂ ಇಲ್ಲದೆಡೆಯಲ್ಲಿಯೂ ಸುಮಾರು 50 ಘನಗಳು ಬೆಳಗಿದಂತೆ ತೋರುವುವು. 2009ರಲ್ಲಿ ಅಮೆರಿಕದ ವಿದ್ವಾಂಸರು ಸತ್ತ ಸಾಲ್ಮನ್ ಮೀನೊಂದನ್ನು ಯಂತ್ರದಲ್ಲಿರಿಸಿ, ಅದಕ್ಕೆ ಮನುಷ್ಯರ ಚಿತ್ರಗಳನ್ನು ತೋರಿಸಿ ಇದನ್ನೇ ಸಿದ್ಧಪಡಿಸಿದರು. ತಿದ್ದದ ಲೆಕ್ಕದಲ್ಲಿ ಸತ್ತ ಮೀನಿನ ಮಿದುಳೂ ಚುರುಕಾಗಿರುವಂತೆ ಕಂಡಿತು. ತಿದ್ದಿದೊಡನೆ ಆ ಬೆಳಕು ಮಾಯವಾಯಿತು. 2020ರಲ್ಲಿ ಪ್ರಕಟವಾದ ಮತ್ತೊಂದು ಪರೀಕ್ಷೆಯಲ್ಲಿ 108 ಜನರ ಚಿತ್ರಗಳನ್ನು 70 ತಂಡಗಳಿಗೆ ಕೊಟ್ಟು 9 ಊಹೆಗಳನ್ನು ಪರೀಕ್ಷಿಸಲು ಹೇಳಲಾಯಿತು. ಯಾವ ಎರಡು ತಂಡಗಳೂ ಒಂದೇ ಕ್ರಮವನ್ನು ಅನುಸರಿಸಲಿಲ್ಲ. ನಿರ್ಣಯಗಳೂ ಹಲವೆಡೆ ಭಿನ್ನವಾದುವು.

ಗ್ರಂಥಸಂಪಾದನೆಯನ್ನು ಬಲ್ಲವರಿಗೆ ಇದು ಹೊಸದಲ್ಲ. ಓಲೆಯ ಪ್ರತಿಯಲ್ಲಿ ಲಿಪಿಕಾರನ ಸ್ಖಾಲಿತ್ಯವಾವುದು, ಕವಿಯ ಪಾಠವಾವುದು ಎಂದು ನಿರ್ಣಯಿಸುವವನು ಪಾಠಾಂತರಗಳನ್ನು ಅಡಿಯಲ್ಲಿ ಕಾಣಿಸದಿದ್ದರೆ ಅವನ ಪರಿಷ್ಕರಣವನ್ನು ಇತರರು ಪರೀಕ್ಷಿಸುವ ಬಗೆಯಿಲ್ಲ. ಚಿತ್ರದ ಓದಿಗೂ ಇದೇ ನ್ಯಾಯ.

ಅಭ್ಯರ್ಥಿಗೆ ಸಂಖ್ಯಾಶಾಸ್ತ್ರವೂ ಪೈಥಾನ್ ಮೊದಲಾದ ಗಣಕಭಾಷೆಗಳೂ ಅವಶ್ಯವೇ. ಆದರೆ ಇವುಗಳಲ್ಲಿ ಕೊರತೆಯಿದ್ದರೆ ಕಲಿಸಬಹುದು. ಬಯಸಿದ ಫಲವು ಬಾರದಿದ್ದಾಗ ಅದನ್ನು ಬಚ್ಚಿಡದ ಶೀಲವನ್ನು ಕಲಿಸುವುದು ದುಸ್ತರ. ತಲೆ ಕದಲಿದ ಒಂದು ಚಿತ್ರವನ್ನೂ ಸೇರಿಸಿದ ಸಣ್ಣ ಕಟ್ಟೊಂದನ್ನು ಕೊಟ್ಟು, ಮಾಡಿದುದೆಲ್ಲವನ್ನೂ ಕ್ರಮವಾಗಿ ಬರೆಯಹೇಳುವುದು ಒಳ್ಳೆಯ ಪರೀಕ್ಷೆ. ಯಾವುದನ್ನು ಬಿಟ್ಟರು, ಏಕೆ ಬಿಟ್ಟರು ಎಂಬ ಬರಹವು ಪ್ರಶಸ್ತಿಪತ್ರಗಳಿಗಿಂತ ಹೆಚ್ಚನ್ನು ತಿಳಿಸುತ್ತದೆ.

ಬಿ. ಎಲ್. ರೈಸರ ತರುವಾಯ 1906ರಲ್ಲಿ ಮೈಸೂರಿನ ಪ್ರಾಕ್ತನಶೋಧನ ಇಲಾಖೆಗೆ ಮುಖ್ಯಸ್ಥರಾದ ಆರ್. ನರಸಿಂಹಾಚಾರ್ಯರು ಮೊದಲು ಅಲ್ಲಿಯೇ ಸಹಾಯಕರಾಗಿದ್ದವರು. ಸಹಾಯಕರನ್ನು ಆರಿಸುವವರು ಮುಂದಿನ ಆಚಾರ್ಯರನ್ನೂ ಆರಿಸುತ್ತಿರಬಹುದು. ಅಲ್ಲದೆ, ಚಿತ್ರದ ಹಿಂದೆ ಯಂತ್ರದ ಸದ್ದಿನಲ್ಲಿ ಅಲುಗದೆ ಮಲಗಿದ ಹಳ್ಳಿಯ ವೃದ್ಧರೊಬ್ಬರಿದ್ದಾರೆ. ತಪ್ಪಾಗಿ ಓದಿದರೆ ಅವರು ಪಟ್ಟ ಶ್ರಮವು ವ್ಯರ್ಥವಾಗುವುದಲ್ಲದೆ, ರೋಗಿಗಳಿಗೆ ಮುಂದೆ ದೊರೆಯಬೇಕಾದ ಉಪಾಯವೂ ದಾರಿತಪ್ಪುವುದು.