ಕಾಚಂಪುಳಿಯ ಮರವೂ ವರ್ತಕರ ಹೊಣೆಯೂ

ಸಂಪಾಜೆಯಿಂದ ಮಡಿಕೇರಿಗೆ ಏರುವ ಹೆದ್ದಾರಿಯು 2018ರ ಆಗಸ್ಟಿನಲ್ಲಿ ಜೋಡುಪಾಲ, ಮದೆನಾಡುಗಳ ಗುಡ್ಡಕುಸಿತದಿಂದ ಮುಚ್ಚಿದುದನ್ನು ವರ್ತಕರು ಮರೆತಿರಲಾರರು. ಕಾಡಿನ ಸುದ್ದಿ ಪೇಟೆಗೆ ತಲುಪುವುದು ಸಾಮಾನ್ಯವಾಗಿ ಇಂತಹ ಅವಘಡಗಳಾದಾಗ ಮಾತ್ರ. ಆದರೆ ಅಂಗಡಿಯ ಕಪಾಟಿನಲ್ಲಿರುವ ಕಾಚಂಪುಳಿಯ ಸೀಸೆಯೂ ಅದೇ ಕಾಡಿನಿಂದ ಬಂದದ್ದು.

ಕೊಡಗಿನ ಪಂದಿಕರಿಗೆ ಹುಳಿಯನ್ನೂ ಕಪ್ಪು ಬಣ್ಣವನ್ನೂ ಕೊಡುವ ಈ ರಸವು ಉಪ್ಪಾಗೆ ಹಣ್ಣಿನದು. ಉದುರಿದ ಮಾಗಿದ ಹಣ್ಣನ್ನು ಬುಟ್ಟಿಯಲ್ಲಿಟ್ಟು, ತೊಟ್ಟಿಕ್ಕಿದ ರಸವನ್ನು ಕುದಿಸಿ ಗಟ್ಟಿಮಾಡುವುದು ಹಳೆಯ ಪದ್ಧತಿ. ಹಣ್ಣಾಗುವವರೆಗೆ ಕಾಯದೆ ಇದು ಸಾಧ್ಯವಿಲ್ಲ.

ಒಣಸಿಪ್ಪೆಯ ವ್ಯಾಪಾರದ ರೀತಿ ಬೇರೆ. ಇದರಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲವು ದೇಹದ ತೂಕ ಇಳಿಸುವುದೆಂಬ ಪ್ರಚಾರದಿಂದ 1990ರ ದಶಕದಲ್ಲಿ ವಿದೇಶಿ ಬೇಡಿಕೆ ಏರಿತು. ಅಮೆರಿಕದಲ್ಲಿ ನಡೆದು 1998ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅಂತಹ ಗುಣವೇನೂ ಕಂಡುಬರಲಿಲ್ಲ. ಆದರೂ ಬೇಡಿಕೆ ನಿಲ್ಲಲಿಲ್ಲ. ಉತ್ತರ ಕನ್ನಡದ ಕಾಡುಗಳಲ್ಲಿ ಪೈಪೋಟಿಯಿಂದ ಎಳೆಗಾಯಿಯನ್ನೇ ಕೀಳುವ, ಕೊಂಬೆಗಳನ್ನು ಕಡಿಯುವ ಪರಿಪಾಠ ಬೆಳೆಯಿತು. ಕೊಯ್ಲು ಮಳೆಗಾಲದಲ್ಲಾದುದರಿಂದ ಸಿಪ್ಪೆ ಒಣಗಿಸಲು ಸೌದೆಯೂ ಅಪಾರವಾಗಿ ಉರಿಯಿತು. ಉಪ್ಪಾಗೆಯಲ್ಲಿ ಸಾಮಾನ್ಯವಾಗಿ ಗಂಡು, ಹೆಣ್ಣು ಮರಗಳು ಬೇರೆ ಬೇರೆ. ಕಾಯಿ ಬಿಡದ ಮರವೆಂದು ಗಂಡು ಮರವನ್ನು ಸೌದೆಗೆ ಉರುಳಿಸಿದರೆ ಮುಂದೆ ಹೆಣ್ಣು ಮರವೂ ಫಲ ಕೊಡಲಾರದು.

ಜೀವವೈವಿಧ್ಯದ ಅರಿವು ಎಂದರೆ ಇಷ್ಟನ್ನು ಊರಿನವರೂ ಖರೀದಿದಾರರೂ ತಿಳಿದಿರುವುದು. ಮೇ 22ರ ಭಾಷಣಗಳಿಂದ ಅದು ಸಾಧ್ಯವಾಗದು. 2002ರ ಜೀವವೈವಿಧ್ಯ ಕಾಯಿದೆಯು ಪ್ರತಿ ಸ್ಥಳೀಯ ಸಂಸ್ಥೆಯಲ್ಲಿ ನಿರ್ವಹಣಾ ಸಮಿತಿ ಇರಬೇಕೆಂದು ವಿಧಿಸಿದೆ. ಊರಿನ ಗಿಡಮರ, ಪ್ರಾಣಿ ಹಾಗೂ ಅವುಗಳ ಬಳಕೆಯ ತಿಳಿವಳಿಕೆಯನ್ನು ಜನತಾ ಜೀವವೈವಿಧ್ಯ ದಾಖಲೆಯಲ್ಲಿ ಬರೆಯಿಸುವುದು ಈ ಸಮಿತಿಯ ಕೆಲಸ. ವಾಣಿಜ್ಯಕ್ಕಾಗಿ ಸಂಗ್ರಹಿಸುವವರಿಂದ ಶುಲ್ಕ ಪಡೆಯುವ ಅಧಿಕಾರವೂ ಅದಕ್ಕುಂಟು. ಕಂಪನಿಗಳು ರಾಜ್ಯ ಜೀವವೈವಿಧ್ಯ ಮಂಡಳಿಗೆ ಮುಂಚಿತವಾಗಿ ತಿಳಿಸಬೇಕಾದ ಸಂದರ್ಭಗಳಿವೆ. 2023ರ ತಿದ್ದುಪಡಿಯಿಂದ ಸೆರೆವಾಸದ ಭಯ ಹೋಗಿದೆ, ದಂಡ ಉಳಿದಿದೆ.

ಸಂಪಾಜೆಗೆ ಇನ್ನೊಂದು ತೊಡಕುಂಟು. ಹೆಸರು ಒಂದೇ, ಪಂಚಾಯಿತಿ ಎರಡು: ಒಂದು ಕೊಡಗಿನದು, ಇನ್ನೊಂದು ದಕ್ಷಿಣ ಕನ್ನಡದ್ದು. ಎರಡೂ ಕಡೆಯ ದಾಖಲೆಗಳನ್ನು ಹೊಂದಿಸಿ ನೋಡದೆ ಇಲ್ಲಿನ ಕಾಡಿನ ಲೆಕ್ಕ ಸಿಗದು. ಎರಡೂ ಕಡೆ ಮಾಲು ಕೊಳ್ಳುವ ವರ್ತಕರು ಈ ಕೆಲಸಕ್ಕೆ ನೆರವಾಗಬಲ್ಲರು. ಮಾಗಿದ ಹಣ್ಣಿನ ಸಿಪ್ಪೆಗೆ ಹೆಚ್ಚು, ಎಳೆಗಾಯಿಯದಕ್ಕೆ ಕಡಿಮೆ ಎಂದು ಮಳೆಗಾಲಕ್ಕೆ ಮೊದಲೇ ದರ ಪ್ರಕಟಿಸುವುದಂತೂ ಅವರ ಕೈಯಲ್ಲಿಯೇ ಇದೆ.